ಕಂಪನಿ ಗೇಟಿನವರೆಗೆ ಸರ್ಕಾರಿ ಬಸ್ ತರಿಸಿಕೊಳ್ಳುವುದು ಹೇಗೆ?

ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಂಪನಿಯ ಟೈಮ್ ಆಫೀಸಿನಲ್ಲಿ ನಾನು ಹನ್ನೊಂದು ವರ್ಷ ಕೆಲಸ ಮಾಡಿದೆ. ಯಾರು ಎಷ್ಟು ಹೊತ್ತಿಗೆ ಬಂದರು, ಯಾರು ಬರಲಿಲ್ಲ ಎಂದು ಬರೆದಿಡುವುದೇ ನನ್ನ ಕೆಲಸ. ತಡವಾಗಿ ಬಂದವರ ಹೆಸರಿನ ಮುಂದೆ ಕೆಂಪು ಗೆರೆ ಎಳೆಯುತ್ತಿದ್ದೆ. ಮೂರು ಗೆರೆ ಬಿದ್ದರೆ ಅರ್ಧ ದಿನದ ಪಗಾರ ಹೋಗುತ್ತಿತ್ತು.

ಒಂದು ತಿಂಗಳ ಕೊನೆಗೆ ಹಾಜರಿ ಪುಸ್ತಕವನ್ನು ಊರಿನ ಪ್ರಕಾರ ಬಿಡಿಸಿ ನೋಡಿದೆ. ಕೆಂಪು ಗೆರೆ ಬಿದ್ದವರಲ್ಲಿ ಹೆಚ್ಚಿನವರು ನಾಲ್ಕೇ ಊರಿನವರು. ಆ ನಾಲ್ಕೂ ಊರಿನ ಮೊದಲ ಬಸ್ ಧಾರವಾಡ ಮುಟ್ಟುವ ಹೊತ್ತಿಗೆ ನಮ್ಮಲ್ಲಿ ಶಿಫ್ಟ್ ಶುರುವಾಗಿರುತ್ತಿತ್ತು. ಅವರು ಸೋಮಾರಿಗಳಾಗಿರಲಿಲ್ಲ. ಅವರಿಗೆ ಬಸ್ಸೇ ಇರಲಿಲ್ಲ. ಅಷ್ಟು ದಿನ ನಾವು ದಂಡ ಹಾಕಿದ್ದು ಬಸ್ ವೇಳಾಪಟ್ಟಿಯ ತಪ್ಪಿಗೆ.

ಆಮೇಲೆ ಬಸ್ಸಿಗಾಗಿ ಓಡಾಡಿದೆವು. ಒಂದು ವರ್ಷ ಹಿಡಿಯಿತು. ಆ ಓಡಾಟದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಣ್ಣ ಕಂಪನಿಯ ಮಾಲೀಕರಿಗೆ, ಎಚ್‌ಆರ್‌ನವರಿಗೆ, ಕಾರ್ಮಿಕ ಸಂಘದವರಿಗೆ ಇದು ಉಪಯೋಗವಾಗಬಹುದು.

ತೊಂದರೆ ಎಲ್ಲಿದೆ ಎಂದು ತಿಳಿದುಕೊಳ್ಳಿ

ನಮ್ಮ ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಬಸ್ಸಿಗೆ ಬರವಿಲ್ಲ. ಈ ಭಾಗದ ಸರ್ಕಾರಿ ಬಸ್ ಓಡಿಸುವ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿಯೇ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿದೆ. ಹುಬ್ಬಳ್ಳಿ–ಧಾರವಾಡ ನಡುವೆ ಸುಮಾರು 22 ಕಿಲೋಮೀಟರ್ ಉದ್ದಕ್ಕೆ ಚಿಗರಿ ಎಂಬ ತ್ವರಿತ ಬಸ್ ಓಡುತ್ತದೆ. 2018ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಶುರುವಾಗಿ, 2020ರ ಫೆಬ್ರುವರಿಯಲ್ಲಿ ಅಧಿಕೃತವಾಗಿ ಉದ್ಘಾಟನೆಯಾಯಿತು.

ಆದರೆ ಹಳ್ಳಿ ಬಸ್‌ಗಳೆಲ್ಲ ಪೇಟೆಗೆ ಬರುವವರ ಲೆಕ್ಕದಲ್ಲಿ ಓಡುತ್ತವೆ. ಬೆಳಗ್ಗೆ ಶಾಲೆ, ಕಾಲೇಜು, ಸಂತೆ, ಆಸ್ಪತ್ರೆ, ಕಚೇರಿ. ಸಂಜೆ ವಾಪಸ್ ಊರಿಗೆ. ಕಾರ್ಖಾನೆಯ ಕೆಲಸ ಮಾತ್ರ ಪೇಟೆಯಲ್ಲಿಲ್ಲ. ತಾರಿಹಾಳ, ಗಾಮನಗಟ್ಟಿ, ರಾಯಾಪುರ, ಬೇಲೂರು, ಮುಮ್ಮಿಗಟ್ಟಿ, ಗದಗಿನವರಿಗೆ ನರಸಾಪುರ, ಹೀಗೆ ಎಲ್ಲವೂ ಊರ ಅಂಚಿನಲ್ಲಿ ಅಥವಾ ಅದರಾಚೆ. ಹೆಬ್ಬಳ್ಳಿಯ ಒಬ್ಬ ಹುಡುಗಿ ಬೇಲೂರಿಗೆ ಕೆಲಸಕ್ಕೆ ಬರಬೇಕಾದರೆ ಮೊದಲು ಧಾರವಾಡಕ್ಕೆ ಬರಬೇಕು. ಅಲ್ಲಿಂದ ಬೆಳಗಾವಿ ಕಡೆಯ ಬಸ್ ಹಿಡಿಯಬೇಕು. ದೂರದ ಬಸ್‌ಗಳು ಎಲ್ಲ ಕಡೆ ನಿಲ್ಲಿಸುವುದಿಲ್ಲ. ಹೆದ್ದಾರಿಯಲ್ಲಿ ಇಳಿದು ಒಳಗೆ ನಡೆಯಬೇಕು, ಇಲ್ಲವೇ ಟಂಟಂ (ಶೇರ್ ಆಟೋ) ಹತ್ತಬೇಕು. ಮನೆಯಿಂದ ಗೇಟಿನ ತನಕ ಮೂರು ತುಂಡು ಪ್ರಯಾಣ. ಒಂದು ತುಂಡು ತಪ್ಪಿದರೂ ಆ ದಿನದ ಹಾಜರಿ ತಪ್ಪಿತು.

ಹಾಗಾಗಿ ನೀವು ಕೇಳಬೇಕಾದದ್ದು "ಬಸ್ ಜಾಸ್ತಿ ಮಾಡಿ" ಎಂದಲ್ಲ. ಎಲ್ಲೋ ಒಂದು ತುಂಡು ಕಡಿದುಹೋಗಿರುತ್ತದೆ. ಅದನ್ನು ಗುರುತಿಸಿ, ಅದಷ್ಟನ್ನೇ ಜೋಡಿಸಲು ಕೇಳಬೇಕು.

ಮೊದಲು ಲೆಕ್ಕ, ಆಮೇಲೆ ಅರ್ಜಿ

ನಾವು ಮೊದಲ ಸಲ ಕೊಟ್ಟ ಅರ್ಜಿ ಎರಡೇ ಸಾಲಿನದು. "ನಮ್ಮ ಕಾರ್ಮಿಕರಿಗೆ ಬಸ್ಸಿನ ತೊಂದರೆಯಾಗಿದೆ. ದಯವಿಟ್ಟು ಬಸ್ ಬಿಡಬೇಕಾಗಿ ವಿನಂತಿ." ಉತ್ತರ ಬರಲಿಲ್ಲ. ಎರಡು ತಿಂಗಳ ಮೇಲೆ ಹೋಗಿ ಕೇಳಿದೆವು. ಅಧಿಕಾರಿಯೊಬ್ಬರು ಅರ್ಜಿ ನೋಡಿ, "ಎಷ್ಟ್ ಮಂದಿ ಅದಾರ್ರೀ? ಯಾವ ಊರಿಂದ? ಎಷ್ಟ್ ಹೊತ್ತಿಗೆ?" ಎಂದು ಕೇಳಿದರು. ನನ್ನ ಹತ್ತಿರ ಒಂದಕ್ಕೂ ಉತ್ತರ ಇರಲಿಲ್ಲ. ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಬಸ್ ಬಿಡುವವರಿಗೆ ಬೇಕಾದ ಮಾಹಿತಿ ಅದೇ ಅಲ್ವಾ?

ಒಂದು ಸಣ್ಣ ಚೀಟಿ ಮಾಡಿ, ಕನ್ನಡದಲ್ಲೇ. ಪಗಾರದ ದಿನ ಎಲ್ಲರ ಕೈಗೂ ಕೊಡಿ. ಹೆಸರು ಬೇಕಿಲ್ಲ. ಯಾವ ಊರು, ಯಾವ ಸ್ಟಾಪಿನಲ್ಲಿ ಬಸ್ ಹತ್ತುತ್ತೀರಿ, ಮನೆ ಬಿಡುವುದು ಎಷ್ಟಕ್ಕೆ, ಯಾವ ಶಿಫ್ಟ್, ಈಗ ಹೇಗೆ ಬರುತ್ತೀರಿ, ದಿನಕ್ಕೆ ಎಷ್ಟು ಖರ್ಚಾಗುತ್ತದೆ, ವಾಪಸ್ ಹೋಗಲು ಎಷ್ಟು ಹೊತ್ತು ಕಾಯುತ್ತೀರಿ. ಹೆಣ್ಣುಮಕ್ಕಳೋ ಗಂಡಸರೋ ಎನ್ನುವುದನ್ನೂ ಬರೆಸಿ, ಅದು ಮುಂದೆ ಬೇಕಾಗುತ್ತದೆ.

ಊರಿನ ಹೆಸರಿಗಿಂತ ಸ್ಟಾಪಿನ ಹೆಸರು ಮುಖ್ಯ. ದಾಖಲೆಯಲ್ಲಿ ಒಬ್ಬರ ಊರು ಗರಗ ಎಂದಿರುತ್ತದೆ, ಆದರೆ ಅವರು ಇರುವುದು ಧಾರವಾಡದಲ್ಲಿ ಅಕ್ಕನ ಮನೆಯಲ್ಲಿ. ಆಧಾರ್ ಕಾರ್ಡಿನ ವಿಳಾಸ ನೋಡಿ ಪಟ್ಟಿ ಮಾಡಿದರೆ ಬಸ್ ಒಂದು ಕಡೆ ಬರುತ್ತದೆ, ಜನ ಇನ್ನೊಂದು ಕಡೆ ನಿಂತಿರುತ್ತಾರೆ.

ಇನ್ನೊಂದು ಮಾತು. ಗುತ್ತಿಗೆ ಕಾರ್ಮಿಕರನ್ನು, ಕ್ಯಾಂಟೀನಿನವರನ್ನು, ಸೆಕ್ಯುರಿಟಿಯವರನ್ನು, ಕಸ ಗುಡಿಸುವವರನ್ನು ಬಿಡಬೇಡಿ. ಕಂಪನಿಯ ರೋಲಿನಲ್ಲಿ ಅವರ ಹೆಸರು ಇರುವುದಿಲ್ಲ. ಆದರೆ ಬಸ್ಸನ್ನೇ ನಂಬಿದವರು ಅವರೇ ಜಾಸ್ತಿ. ಪರ್ಮನೆಂಟ್ ಆದವರಲ್ಲಿ ಹಲವರು ಬೈಕ್ ತೆಗೆದುಕೊಂಡಿರುತ್ತಾರೆ. ನಮ್ಮಲ್ಲಿ ಗುತ್ತಿಗೆಯವರನ್ನು ಸೇರಿಸಿದ ಮೇಲೆ ಬಸ್ ಬೇಕಾದವರ ಸಂಖ್ಯೆ ಹೆಚ್ಚುಕಡಿಮೆ ಎರಡರಷ್ಟಾಯಿತು.

ಸಾಧ್ಯವಾದರೆ ಕೆಲಸ ಬಿಟ್ಟವರನ್ನೂ, ಸಂದರ್ಶನಕ್ಕೆ ಬಂದು ಸೇರದೇ ಹೋದವರನ್ನೂ ಫೋನ್ ಮಾಡಿ ಕೇಳಿ. "ಬಸ್ ಇದ್ದಿದ್ದರೆ ಬರುತ್ತಿದ್ದಿರಾ?" ಈ ಒಂದು ಪ್ರಶ್ನೆಯ ಉತ್ತರಕ್ಕೆ ಮಾಲೀಕರು ಕಿವಿಗೊಡುತ್ತಾರೆ. ಜನ ಸಿಗುತ್ತಿಲ್ಲ ಎಂದು ದಿನಾ ಹೇಳುವವರು ಅವರೇ.

ಪಕ್ಕದ ಕಂಪನಿಯ ಬಾಗಿಲು ತಟ್ಟಿ

ಒಂದು ಸಾಧಾರಣ ಬಸ್ಸಿನಲ್ಲಿ ಸುಮಾರು ಐವತ್ತು ಸೀಟು. ಐವತ್ತು ಅರವತ್ತು ಜನ ಕೆಲಸ ಮಾಡುವ ಒಂದು ಶೆಡ್ಡಿನಿಂದ, ಒಂದೇ ದಿಕ್ಕಿಗೆ, ಒಂದೇ ಶಿಫ್ಟಿಗೆ ಐವತ್ತು ಮಂದಿ ಸಿಗುವುದಿಲ್ಲ. ನಾಲ್ಕೈದು ಕಂಪನಿ ಸೇರಿದರೆ ಸಿಗುತ್ತಾರೆ.

ಉದಾಹರಣೆಗೆ ಹೀಗೆಂದು ಇಟ್ಟುಕೊಳ್ಳಿ. ಗರಗ, ತೇಗೂರು ಕಡೆಯಿಂದ ನಿಮ್ಮಲ್ಲಿಗೆ 11 ಮಂದಿ ಬರುತ್ತಾರೆ. ಪಕ್ಕದವರಲ್ಲಿ 9, ಎದುರಿನ ಫೌಂಡ್ರಿಯಲ್ಲಿ 17, ಹಿಂದಿನ ಬೀದಿಯ ಪ್ಯಾಕಿಂಗ್ ಘಟಕದಲ್ಲಿ 8. ಒಟ್ಟು 45. ಒಂದು ಬಸ್ ತುಂಬಿತು. ಬೇರೆ ಬೇರೆ ಹೋಗಿ ಕೇಳಿದ್ದರೆ ನಾಲ್ವರಿಗೂ ಇಲ್ಲ ಎಂಬ ಉತ್ತರವೇ ಸಿಗುತ್ತಿತ್ತು.

ಇದು ನಮ್ಮಲ್ಲಷ್ಟೇ ಇರುವ ಪಾಡಲ್ಲ. ಅಮೆರಿಕದ ಷಿಕಾಗೋ ನಗರದ ಉತ್ತರದ ಹೊರವಲಯದಲ್ಲಿ ಲೇಕ್ ಕುಕ್ ರಸ್ತೆಯ ಸುತ್ತ ದೊಡ್ಡ ದೊಡ್ಡ ಕಚೇರಿಗಳು ಬಂದವು. ನಗರದಿಂದ ರೈಲು ಇತ್ತು. ರೈಲು ನಿಲ್ದಾಣದಿಂದ ಕಚೇರಿಗೆ ಹೋಗಲು ಮಾತ್ರ ಏನೂ ಇರಲಿಲ್ಲ. ಅಲ್ಲಿನ ಕಂಪನಿಗಳು ಒಂದು ಕೂಟ ಮಾಡಿಕೊಂಡವು. ರೈಲಿನವರು, ಉಪನಗರ ಬಸ್ಸಿನವರು, ಕಂಪನಿಗಳು ಖರ್ಚು ಹಂಚಿಕೊಂಡು, ರೈಲು ಬರುವ ಹೊತ್ತಿಗೆ ಸರಿಯಾಗಿ ಸಣ್ಣ ಬಸ್‌ಗಳನ್ನು ನಿಲ್ಲಿಸಿದವು. ನಮ್ಮ ಚಿಗರಿ ನಿಲ್ದಾಣಗಳಿಂದ ಗಾಮನಗಟ್ಟಿಗೋ ಇಟಿಗಟ್ಟಿಗೋ ಬೇಕಾಗಿರುವುದು ಇದೇ ಅಲ್ವಾ? ರಾಯಾಪುರ ಅಥವಾ ನವನಗರದ ತನಕ ಜನ ಆರಾಮವಾಗಿ ಬರುತ್ತಾರೆ. ಅಲ್ಲಿಂದ ಮುಂದಿನ ದಾರಿಗೆ ಒಂದು ಬಸ್ ಬೇಕು, ಅಷ್ಟೇ.

ನಿಮ್ಮ ಪ್ರದೇಶದಲ್ಲಿ ಕೈಗಾರಿಕೋದ್ಯಮಿಗಳ ಸಂಘ ಇದ್ದರೆ ಅದರ ಮೂಲಕವೇ ಹೋಗಿ. ಇಲ್ಲದಿದ್ದರೆ ನಾಲ್ಕು ಕಂಪನಿಯವರು ಒಂದು ಹಾಳೆಯಲ್ಲಿ ಸಹಿ ಮಾಡಿ ಒಬ್ಬರನ್ನು ಮುಂದೆ ಮಾಡಿ. ಆ ಒಬ್ಬರ ಹೆಸರು, ಫೋನ್ ಸಂಖ್ಯೆ ಸಾರಿಗೆಯವರ ಹತ್ತಿರ ಇರಬೇಕು. ಹತ್ತು ಜನ ಹತ್ತು ರೀತಿ ಫೋನ್ ಮಾಡಿದರೆ ಕೆಲಸ ಕೆಡುತ್ತದೆ.

ಗಡಿಯಾರ ಹೊಂದಿಸಿಕೊಳ್ಳಿ

ಕಂಪನಿಯವರು ಒಪ್ಪಲು ಹಿಂಜರಿಯುವ ಹಂತ ಇದೇ. ಆದರೆ ಖರ್ಚಿಲ್ಲದೆ ಆಗುವ ಕೆಲಸವೂ ಇದೇ.

ಬೆಳಗ್ಗೆ ಎಂಟರಿಂದ ಒಂಬತ್ತೂವರೆ ತನಕ ಸಾರಿಗೆಯವರ ಹತ್ತಿರ ಬಿಡುವಿನ ಬಸ್ ಸಿಗುವುದು ಬಹಳ ಕಷ್ಟ. ಶಾಲೆ, ಕಾಲೇಜಿನ ಮಕ್ಕಳು ಇಡೀ ಜಿಲ್ಲೆಯಲ್ಲಿ ಅದೇ ಹೊತ್ತಿಗೆ ಹೊರಡುತ್ತಾರೆ. ನಿಮ್ಮ ಜನರಲ್ ಶಿಫ್ಟ್ ಕೂಡ ಒಂಬತ್ತಕ್ಕೆ ಇದ್ದರೆ ನೀವು ಆ ಮಕ್ಕಳ ಬಸ್ಸನ್ನೇ ಕೇಳಿದಂತೆ. ಯಾರೂ ಕೊಡುವುದಿಲ್ಲ, ಕೊಡಲೂಬಾರದು. ಅದೇ ಶಿಫ್ಟ್ ಏಳೂವರೆಗೆ ಶುರುವಾದರೆ, ನಿಮ್ಮವರನ್ನು ಇಳಿಸಿದ ಬಸ್ಸೇ ತಿರುಗಿ ಹೋಗಿ ಮಕ್ಕಳನ್ನು ಕರೆತರಬಹುದು. ಹತ್ತಕ್ಕೆ ಶುರುವಾದರೆ ಮಕ್ಕಳನ್ನು ಬಿಟ್ಟು ಬಂದ ಬಸ್ ನಿಮಗೆ ಸಿಗುತ್ತದೆ. ಹೊಸ ಬಸ್ಸೇ ಬೇಕಿಲ್ಲ.

ಪಕ್ಕಪಕ್ಕದ ಕಂಪನಿಗಳ ಶಿಫ್ಟ್ ಸಮಯವೂ ಒಂದಾಗಬೇಕು. ಒಬ್ಬರದು ಆರು, ಇನ್ನೊಬ್ಬರದು ಆರೂವರೆ, ಮತ್ತೊಬ್ಬರದು ಏಳು ಎಂದರೆ ಒಂದು ಬಸ್ಸಿನಲ್ಲಿ ಮೂವರಿಗೂ ನ್ಯಾಯ ಸಿಗುವುದಿಲ್ಲ. ನಮ್ಮಲ್ಲಿ ಒಂದು ಕಂಪನಿಯವರು ಹದಿನೈದು ನಿಮಿಷ ಹಿಂದೆ ಬಂದರು, ಇನ್ನೊಬ್ಬರು ಹದಿನೈದು ನಿಮಿಷ ಮುಂದೆ ಹೋದರು. ಇಷ್ಟಕ್ಕೇ ಮೂರು ಸಭೆ ಬೇಕಾಯಿತು. ಬದಲಾವಣೆ ಆದ ಮೇಲೆ ಉತ್ಪಾದನೆಗೆ ಏನೂ ಆಗಲಿಲ್ಲ.

ಶಿಫ್ಟ್ ಬದಲಾಗುವ ಹೊತ್ತಿಗೆ ಇನ್ನೊಂದು ಲಾಭ ಇದೆ. ಬರುವಾಗ ಹೊಸ ಶಿಫ್ಟಿನವರು, ಹೋಗುವಾಗ ಕೆಲಸ ಮುಗಿಸಿದವರು. ಎರಡೂ ಕಡೆ ಬಸ್ ತುಂಬಿರುತ್ತದೆ. ಒಂದು ಕಡೆ ತುಂಬಿ, ಇನ್ನೊಂದು ಕಡೆ ಖಾಲಿ ಓಡುವ ಬಸ್ಸೆಂದರೆ ಸಾರಿಗೆಯವರಿಗೆ ಭಯ. ಆದ್ದರಿಂದ ಅರ್ಜಿಯಲ್ಲಿ ಬಿಡುವ ಶಿಫ್ಟಿನವರ ಲೆಕ್ಕವನ್ನೂ ಬರೆಯಿರಿ.

ವಸ್ತಿ ಬಸ್ ಹುಡುಕಿ

ನನಗೆ ಬಹಳ ತಡವಾಗಿ ಹೊಳೆದ ವಿಷಯ ಇದು. ಇದನ್ನು ಮೊದಲೇ ನೋಡಿದ್ದರೆ ಆರು ತಿಂಗಳು ಉಳಿಯುತ್ತಿತ್ತು.

ನಮ್ಮ ಕಡೆ ಹಲವು ಊರುಗಳಲ್ಲಿ ವಸ್ತಿ ಬಸ್ ಇರುತ್ತದೆ. ರಾತ್ರಿ ಕೊನೆಯ ಬಸ್ ಊರಿಗೆ ಬಂದು ಅಲ್ಲೇ ನಿಲ್ಲುತ್ತದೆ. ಡ್ರೈವರ್, ಕಂಡಕ್ಟರ್ ಅಲ್ಲೇ ಮಲಗುತ್ತಾರೆ. ಬೆಳಗ್ಗೆ ಮೊದಲ ಬಸ್ ಆಗಿ ಅದೇ ಪೇಟೆಗೆ ಹೊರಡುತ್ತದೆ. ಅಂದರೆ ನಿಮ್ಮ ಕಾರ್ಮಿಕರ ಊರಿನಲ್ಲಿ ನಸುಕಿನಲ್ಲೇ ಒಂದು ಸರ್ಕಾರಿ ಬಸ್ ತಯಾರಾಗಿ ನಿಂತಿದೆ. ಡಿಪೋದಿಂದ ಹಳ್ಳಿಯ ತನಕ ಖಾಲಿ ಓಡಿಸಿಕೊಂಡು ಬರುವ ಖರ್ಚೂ ಇಲ್ಲ.

ಹೀಗೆ ಯೋಚಿಸಿ. ಒಂದು ವಸ್ತಿ ಬಸ್ 6.30ಕ್ಕೆ ಊರು ಬಿಟ್ಟು 7.10ಕ್ಕೆ ಧಾರವಾಡಕ್ಕೆ ಬರುತ್ತದೆ, ಮುಂದಿನ ಟ್ರಿಪ್ಪಿನ ತನಕ ನಿಲ್ದಾಣದಲ್ಲಿ ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. ಅದು 6.10ಕ್ಕೆ ಹೊರಟು, ನಿಲ್ದಾಣಕ್ಕೆ ಬಂದು, ಅಲ್ಲಿಂದ ಮುಂದೆ ಕೈಗಾರಿಕಾ ಪ್ರದೇಶದ ತನಕ ಬಂದರೆ ನಿಮ್ಮ ಏಳೂವರೆಯ ಶಿಫ್ಟ್ ಸಿಗುತ್ತದೆ. ವಾಪಸ್ ಬರುವಾಗ ರಾತ್ರಿ ಶಿಫ್ಟಿನವರನ್ನು ಧಾರವಾಡಕ್ಕೆ ಕರೆತರುತ್ತದೆ. ನೀವು ಕೇಳುತ್ತಿರುವುದು ಇಪ್ಪತ್ತು ನಿಮಿಷ ಮತ್ತು ಕೆಲವು ಕಿಲೋಮೀಟರ್ ಮಾತ್ರ. ಹೊಸ ಬಸ್ಸಿಗೆ ಇಲ್ಲ ಎನ್ನುವ ಅಧಿಕಾರಿ ಇದಕ್ಕೆ ನೋಡೋಣ ಎನ್ನುತ್ತಾರೆ.

ಇಲ್ಲಿ ಸಿಬ್ಬಂದಿಯ ಕಷ್ಟವನ್ನೂ ನೋಡಬೇಕು. ಇಪ್ಪತ್ತು ನಿಮಿಷ ಮೊದಲು ಹೊರಡಬೇಕೆಂದರೆ ಅವರು ಇನ್ನೂ ಬೇಗ ಏಳಬೇಕು. ಅವರಿಗೆ ಮಲಗಲು ಒಳ್ಳೆಯ ಜಾಗ, ಶೌಚಾಲಯ, ನೀರು, ರಾತ್ರಿ ಊಟಕ್ಕೆ ಒಂದು ವ್ಯವಸ್ಥೆ ಇದೆಯೇ ಎಂದು ವಿಚಾರಿಸಿ. ಇಲ್ಲದಿದ್ದರೆ ಗ್ರಾಮ ಪಂಚಾಯಿತಿಯವರ ಜೊತೆ ಮಾತನಾಡಿ. ನಮ್ಮ ಒಂದು ಊರಿನಲ್ಲಿ ಕಾರ್ಮಿಕರೇ ಪಂಚಾಯಿತಿಗೆ ಹೋಗಿ ಸಮುದಾಯ ಭವನದ ಒಂದು ಕೋಣೆ ಬಿಡಿಸಿಕೊಟ್ಟರು. ಕಂಪನಿಗಳು ಎರಡು ಮಂಚ, ಒಂದು ಫ್ಯಾನ್, ಸೊಳ್ಳೆ ಪರದೆ ಕೊಟ್ಟವು. ಆಮೇಲೆ ಬಸ್ ಒಂದು ದಿನವೂ ತಡವಾಗಲಿಲ್ಲ. ಚೆನ್ನಾಗಿ ನಿದ್ದೆ ಮಾಡಿದ ಡ್ರೈವರ್ ನಮ್ಮ ಜನರ ಜೀವಕ್ಕೂ ಒಳ್ಳೆಯದು.

ಇದರ ಹಿಂದಿನ ನಿಯಮವೂ ಗೊತ್ತಿರಲಿ. 2025ರ ನವೆಂಬರ್ ತನಕ ಜಾರಿಯಲ್ಲಿದ್ದ ಮೋಟಾರು ಸಾರಿಗೆ ಕಾರ್ಮಿಕರ 1961ರ ಕಾಯ್ದೆಯಲ್ಲಿ ಡ್ರೈವರ್, ಕಂಡಕ್ಟರ್‌ಗೆ ಸಾಮಾನ್ಯವಾಗಿ ದಿನಕ್ಕೆ ಎಂಟು ಗಂಟೆ ಕೆಲಸ, ವಿಶ್ರಾಂತಿ ಸೇರಿ ಹನ್ನೆರಡು ಗಂಟೆಯೊಳಗೆ ಅದು ಮುಗಿಯಬೇಕಿತ್ತು. ಬೆಳಗ್ಗೆ ಐದೂವರೆಗೆ ತಂದು ಬಿಟ್ಟವರನ್ನೇ ಸಂಜೆ ಏಳಕ್ಕೆ ವಾಪಸ್ ಕರೆದೊಯ್ಯಿರಿ ಎಂದು ಕೇಳಿದರೆ ಆಗುವುದಿಲ್ಲ. ಅದಕ್ಕೇ "ಮಧ್ಯದಲ್ಲಿ ಬಸ್ ಏನು ಮಾಡಬೇಕು?" ಎಂದು ಕೇಳುತ್ತಾರೆ. ನೀವೇ ಅದಕ್ಕೆ ಒಂದು ಉತ್ತರ ಯೋಚಿಸಿಕೊಂಡು ಹೋಗಿ.

ಯಾವ ರೀತಿಯ ವ್ಯವಸ್ಥೆ ಕೇಳಬೇಕು?

ಇರುವ ಬಸ್ಸಿನ ಸಮಯ ಬದಲಿಸುವುದು ಅಥವಾ ಅದನ್ನೇ ಮುಂದಕ್ಕೆ ವಿಸ್ತರಿಸುವುದು ಎಲ್ಲಕ್ಕಿಂತ ಸುಲಭ. ಮೊದಲು ಇದನ್ನೇ ಕೇಳಿ.

ಅದು ಆಗದಿದ್ದರೆ ಹೊಸ ಟ್ರಿಪ್. ಇದಕ್ಕೆ ಕಂಪನಿಗಳ ಕಡೆಯಿಂದ ಒಂದು ಭರವಸೆ ಬೇಕು. ತಿಂಗಳಿಗೆ ಇಷ್ಟು ಪಾಸ್ ನಾವು ಮೊದಲೇ ಕೊಳ್ಳುತ್ತೇವೆ ಎಂದು ಬರೆದುಕೊಡಿ. ಬಸ್ ಖಾಲಿ ಓಡಿದರೆ ಮೇಲಿನವರು ಕೇಳುವುದು ಆ ಅಧಿಕಾರಿಯನ್ನೇ. ನಿಮ್ಮ ಪತ್ರ ಅವರಿಗೆ ಆಸರೆಯಾಗುತ್ತದೆ.

ಮೂರನೆಯದು ಒಪ್ಪಂದದ ಬಸ್. ಬಸ್ಸಿನ ಮುಂದೆ "ಸಾಂದರ್ಭಿಕ ಒಪ್ಪಂದ" ಎಂಬ ಬೋರ್ಡ್ ನೋಡಿರುತ್ತೀರಿ. ಮದುವೆಗೆ, ಪ್ರವಾಸಕ್ಕೆ ಕೊಡುತ್ತಾರಲ್ಲ, ಅದು. ದಿನಾ ಓಡಿಸಲು ಕಂಪನಿಗಳೂ ಒಪ್ಪಂದ ಮಾಡಿಕೊಳ್ಳಬಹುದು. ಬೆಂಗಳೂರಿನಲ್ಲಿ ಬಿಎಂಟಿಸಿ ಬಸ್‌ಗಳನ್ನು ಕಂಪನಿಗಳು ಹೀಗೆ ಪಡೆಯುತ್ತವೆ. ಇದರಲ್ಲಿ ಹಣ ಕಿಲೋಮೀಟರ್ ಲೆಕ್ಕ, ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರ್ ಎಂಬ ಷರತ್ತೂ ಇರುತ್ತದೆ. ನಿಮ್ಮ ಬಸ್ ಓಡುವುದು ಕಡಿಮೆ ದೂರವಾದರೆ ಓಡದ ದೂರಕ್ಕೂ ಹಣ ಕೊಟ್ಟಂತೆ ಆಗುತ್ತದೆ. ದರವನ್ನು ಲಿಖಿತವಾಗಿ ಪಡೆದು, ತಲೆಗೆ ಎಷ್ಟು ಬೀಳುತ್ತದೆ ಎಂದು ಲೆಕ್ಕ ಹಾಕಿ. ರಾತ್ರಿ ಶಿಫ್ಟಿಗೆ ಮಾತ್ರ ಒಪ್ಪಂದದ ಬಸ್, ಹಗಲಿಗೆ ಸಾಮಾನ್ಯ ಬಸ್ ಎಂಬ ಹೊಂದಾಣಿಕೆ ನಮಗೆ ಸರಿಹೋಯಿತು.

ಖಾಸಗಿ ಟೆಂಪೋ, ಕ್ರೂಸರ್ ಮಾತನಾಡುವವರು ಒಂದು ವಿಷಯ ನೆನಪಿಡಿ. ಒಪ್ಪಂದದ ಪರ್ಮಿಟ್ ಇರುವ ಗಾಡಿ ದಾರಿಯಲ್ಲಿ ಸಿಕ್ಕವರನ್ನು ಹತ್ತಿಸಿಕೊಂಡು ತಲೆಗೆ ಇಷ್ಟು ಎಂದು ಟಿಕೆಟ್ ಹಣ ತೆಗೆದುಕೊಳ್ಳುವಂತಿಲ್ಲ. ಅಪಘಾತವಾದರೆ ವಿಮೆ ಸಿಗುವುದೇ ಕಷ್ಟವಾಗಬಹುದು. ಒಂದು ಕ್ರೂಸರಿನಲ್ಲಿ ಇಪ್ಪತ್ತು ಜನ ತುಂಬಿಕೊಂಡು ಬೈಪಾಸಿನಲ್ಲಿ ಹೋಗುವುದನ್ನು ನೋಡಿದಾಗಲೆಲ್ಲ ನನ್ನ ಎದೆ ಝಲ್ಲೆನ್ನುತ್ತದೆ.

ಅರ್ಜಿ ಎಲ್ಲಿಗೆ, ಹೇಗೆ?

ಹುಬ್ಬಳ್ಳಿ-ಧಾರವಾಡ ನಗರ ಸಾರಿಗೆಗೆ ಒಂದು ವಿಭಾಗ, ಗ್ರಾಮಾಂತರ ಬಸ್‌ಗಳಿಗೆ ಬೇರೆ ವಿಭಾಗ. ಗದಗ, ಹಾವೇರಿಗೆ ಅವರದೇ ವಿಭಾಗಗಳಿವೆ. ನಿಮ್ಮ ಬಸ್ ಹಳ್ಳಿಯಿಂದ ಬರಬೇಕೋ, ನಗರದೊಳಗಿಂದಲೋ ಎಂಬುದರ ಮೇಲೆ ಅರ್ಜಿ ಎಲ್ಲಿಗೆ ಎಂಬುದು ನಿಂತಿದೆ. ಗೊಂದಲವಾದರೆ ಎರಡೂ ಕಡೆ ಕೊಡಿ. ಅರ್ಜಿ ವಿಭಾಗೀಯ ನಿಯಂತ್ರಣಾಧಿಕಾರಿಗಳ ಹೆಸರಿಗೆ ಇರಲಿ. ಆದರೆ ಅದಕ್ಕೂ ಮೊದಲು ಆ ಊರಿಗೆ ಬಸ್ ಬಿಡುವ ಡಿಪೋ ಮ್ಯಾನೇಜರ್ ಹತ್ತಿರ ಹೋಗಿ ಕುಳಿತು ಮಾತನಾಡಿ. ಯಾವ ಬಸ್ ಎಲ್ಲಿ ಎಷ್ಟು ಹೊತ್ತು ಸುಮ್ನೆ ನಿಲ್ಲುತ್ತದೆ ಎಂಬುದು ಅವರಿಗೆ ಗೊತ್ತು. ನಿಲ್ದಾಣದ ಕಂಟ್ರೋಲರ್‌ಗೆ ಇನ್ನೂ ಚೆನ್ನಾಗಿ ಗೊತ್ತು.

ನಮ್ಮ ಎರಡನೆಯ ಅರ್ಜಿ ಸುಮಾರು ಹೀಗಿತ್ತು:

"ಮಾನ್ಯರೇ, ಕೈಗಾರಿಕಾ ಪ್ರದೇಶದ ಈ ಕೆಳಗೆ ಸಹಿ ಮಾಡಿದ ನಾಲ್ಕು ಕಂಪನಿಗಳಲ್ಲಿ ಗರಗ ಮಾರ್ಗದ ಊರುಗಳಿಂದ ಬೆಳಗಿನ ಶಿಫ್ಟಿಗೆ 45 ಮಂದಿ ಬರುತ್ತಾರೆ. ಇವರಲ್ಲಿ 26 ಮಂದಿ ಮಹಿಳೆಯರು. ಸ್ಟಾಪ್‌ವಾರು ಪಟ್ಟಿ ಲಗತ್ತಿಸಿದೆ. ಶಿಫ್ಟ್ 7.30ಕ್ಕೆ ಶುರುವಾಗುತ್ತದೆ. ಅದೇ ಹೊತ್ತಿಗೆ ರಾತ್ರಿ ಶಿಫ್ಟಿನ 30 ಮಂದಿ ಧಾರವಾಡಕ್ಕೆ ವಾಪಸಾಗುತ್ತಾರೆ. ಈಗಿನ ವಸ್ತಿ ಬಸ್ಸನ್ನು 20 ನಿಮಿಷ ಮೊದಲು ಬಿಟ್ಟು ನಮ್ಮ ಗೇಟಿನ ತನಕ ವಿಸ್ತರಿಸಿದರೆ ಇವರೆಲ್ಲರಿಗೂ ಅನುಕೂಲವಾಗುತ್ತದೆ. ಮೂರು ತಿಂಗಳು ಪ್ರಾಯೋಗಿಕವಾಗಿ ಓಡಿಸಿ ನೋಡಬೇಕೆಂದು ಕೋರುತ್ತೇವೆ. ಈ ಅವಧಿಯಲ್ಲಿ ಪುರುಷ ಕಾರ್ಮಿಕರ ಮಾಸಿಕ ಪಾಸ್‌ಗಳನ್ನು ಕಂಪನಿಗಳೇ ಒಟ್ಟಾಗಿ ಕೊಳ್ಳುತ್ತವೆ. ಬಸ್ ತಿರುಗಿಸಲು ನಮ್ಮ ಆವರಣದಲ್ಲಿ ಜಾಗ ಕೊಡುತ್ತೇವೆ."

ಸಂಖ್ಯೆಗಳ ಜಾಗದಲ್ಲಿ ನಿಮ್ಮವನ್ನು ಹಾಕಿಕೊಳ್ಳಿ. "ಮೂರು ತಿಂಗಳು ಪ್ರಾಯೋಗಿಕವಾಗಿ" ಎಂಬ ಮಾತನ್ನು ಮಾತ್ರ ಬಿಡಬೇಡಿ. ಕಾಯಂ ಬಸ್ ಕೇಳಿದರೆ ಕಡತ ಮೇಲಕ್ಕೂ ಕೆಳಕ್ಕೂ ಓಡಾಡುತ್ತದೆ. ಪ್ರಯೋಗಕ್ಕೆ ಒಪ್ಪುವುದು ಸುಲಭ. ಅರ್ಜಿಯ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.

ಹಣ ಯಾರು ಕೊಡಬೇಕು?

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಈ ಲೆಕ್ಕವೇ ಬದಲಾಗಿದೆ. ಸಾಮಾನ್ಯ ಬಸ್‌ಗಳಲ್ಲಿ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತ. ಆದರೆ ಇದು ಕಂಪನಿ ಮಾಡಿಕೊಂಡ ಒಪ್ಪಂದದ ಬಸ್ಸಿಗೆ ಅನ್ವಯವಾಗುವುದಿಲ್ಲ. ಹಾಗಾಗಿ ಹೆಣ್ಣುಮಕ್ಕಳು ಜಾಸ್ತಿ ಇರುವ ಕಡೆ ಸಾಮಾನ್ಯ ಬಸ್ಸನ್ನೇ ವಿಸ್ತರಿಸಿಕೊಳ್ಳುವುದು ಜಾಣತನ.

ಇಲ್ಲಿ ಒಂದು ವಿಷಯವನ್ನು ನಿಮ್ಮ ಹೆಣ್ಣುಮಕ್ಕಳಿಗೆ ಕೂರಿಸಿಕೊಂಡು ಹೇಳಿ. ಉಚಿತ ಎಂದು ಟಿಕೆಟ್ ತೆಗೆದುಕೊಳ್ಳದೆ ಕೂರಬಾರದು. ಶೂನ್ಯ ಟಿಕೆಟ್ ಪಡೆಯಲೇಬೇಕು. ಆ ಟಿಕೆಟ್ಟಿನ ಲೆಕ್ಕದ ಮೇಲೆ ಸರ್ಕಾರ ಸಾರಿಗೆ ಸಂಸ್ಥೆಗೆ ಹಣ ಕೊಡುತ್ತದೆ. 26 ಮಂದಿ ಟಿಕೆಟ್ ಇಲ್ಲದೆ ಬಂದರೆ ಯಂತ್ರದ ಲೆಕ್ಕದಲ್ಲಿ ಆ ಬಸ್ ಅರ್ಧಕ್ಕಿಂತ ಹೆಚ್ಚು ಖಾಲಿ. ಮೂರು ತಿಂಗಳ ಮೇಲೆ "ಜನರಿಲ್ಲ" ಎಂದು ಬಸ್ ನಿಂತುಹೋದರೆ ದೂರಲು ಯಾರೂ ಸಿಗುವುದಿಲ್ಲ.

ಗಂಡಸರ ಪಾಸಿನ ಹಣ ಕಂಪನಿ ಪೂರ್ತಿ ಕೊಡಲಿ, ಇಲ್ಲವೇ ಅರ್ಧ ಕೊಡಲಿ. ಬೇರೆ ದೇಶಗಳಲ್ಲಿ ಇದು ಕಾನೂನೇ ಆಗಿದೆ. ಫ್ರಾನ್ಸಿನಲ್ಲಿ ಕೆಲಸಕ್ಕೆ ಬರುವವರ ಬಸ್, ರೈಲು ಪಾಸಿನ ಅರ್ಧ ಹಣವನ್ನು ಮಾಲೀಕರು ಕೊಡಲೇಬೇಕು. ಬ್ರೆಜಿಲ್‌ನಲ್ಲಿ 1985ರಲ್ಲೇ ಪ್ರಯಾಣದ ಚೀಟಿಯ ಕಾನೂನು ಬಂತು. ಅಲ್ಲಿ ಕಾರ್ಮಿಕರ ಮೂಲ ಸಂಬಳದ ಶೇ 6ರಷ್ಟು ಮಾತ್ರ ಅವರ ಪಾಲು, ಅದಕ್ಕಿಂತ ಮೇಲಿನದು ಮಾಲೀಕರದು. ನಮ್ಮಲ್ಲಿ ಅಂಥ ಕಾನೂನಿಲ್ಲ. ಆದರೆ ಹೊಸಬರನ್ನು ಹುಡುಕಿ, ಎರಡು ತಿಂಗಳು ಕೆಲಸ ಕಲಿಸಿ, ಮೂರನೆಯ ತಿಂಗಳು ಅವರು ಬಿಟ್ಟು ಹೋದಾಗ ಆಗುವ ನಷ್ಟ ಎಷ್ಟು? ಅದನ್ನು ಒಂದು ಹಾಳೆಯಲ್ಲಿ ಬರೆದು, ಪಕ್ಕದಲ್ಲಿ ಪಾಸಿನ ಖರ್ಚು ಬರೆದು ಮಾಲೀಕರ ಮುಂದೆ ಇಡಿ. ನಮ್ಮ ಮಾಲೀಕರು ಆ ಹಾಳೆ ನೋಡಿ ಅರ್ಧ ಅಲ್ಲ, ಪೂರ್ತಿ ಕೊಡೋಣ ಎಂದರು.

ಕೊನೆಯ ಅರ್ಧ ಕಿಲೋಮೀಟರ್

ಬಸ್ ಬಂತೆಂದು ಕೆಲಸ ಮುಗಿಯುವುದಿಲ್ಲ. ಹೆದ್ದಾರಿಯ ಎದುರು ಬದಿಯಲ್ಲಿ ಇಳಿಸಿದರೆ ಜನ ವಿಭಜಕ ಹಾರಿ ದಾಟುತ್ತಾರೆ. ಕೆಳಸೇತುವೆ ಎಲ್ಲಿದೆ, ಸರ್ವಿಸ್ ರಸ್ತೆಯಲ್ಲಿ ಬಸ್ ಬರಬಹುದೇ ಎಂದು ಮೊದಲೇ ನಡೆದು ನೋಡಿ. ಬೆಳಗಿನ ಐದೂವರೆಗೂ ಹೋಗಿ, ರಾತ್ರಿ ಹತ್ತೂವರೆಗೂ ಹೋಗಿ. ಹಗಲು ಕಾಣದ್ದು ಆಗ ಕಾಣುತ್ತದೆ.

ಬೀದಿ ದೀಪ, ರಸ್ತೆ ಗುಂಡಿಗಳ ಬಗ್ಗೆ ಕೆಐಎಡಿಬಿಗೋ (ಕೈಗಾರಿಕಾ ಪ್ರದೇಶ ಅಭಿವೃದ್ಧಿ ಮಂಡಳಿ) ಮಹಾನಗರ ಪಾಲಿಕೆಗೋ ಬೇರೆ ಅರ್ಜಿ ಬೇಕು. ದೀಪ ಬರುವ ತನಕ ಕಾಯಬೇಡಿ. ಕಂಪನಿಗಳು ತಮ್ಮ ಕಾಂಪೌಂಡಿನ ಮೇಲೆ ರಸ್ತೆಗೆ ಮುಖ ಮಾಡಿ ಒಂದೊಂದು ದೀಪ ಹಾಕಿದರೆ ಅಷ್ಟೇ ದೊಡ್ಡ ಸಹಾಯ. ಕಾಯುವ ಜಾಗದಲ್ಲಿ ನೆರಳು, ನಾಲ್ಕು ಜನ ಕೂರಲು ಕಲ್ಲು ಬೆಂಚು ಇರಲಿ. ಎಂಟು ತಾಸು ನಿಂತು ಕೆಲಸ ಮಾಡಿದವರು ಮತ್ತೆ ನಿಂತು ಕಾಯುವುದು ಬೇಡ.

ದಾರಿಯಲ್ಲಿ ಅಪಘಾತವಾದರೆ ಏನು ಎಂದು ಹಲವರು ಕೇಳುತ್ತಾರೆ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಾಯ್ದೆಗೆ 2010ರಲ್ಲಿ 51ಇ ಎಂಬ ಕಲಂ ಸೇರಿಸಿದ್ದರು. 2025ರ ನವೆಂಬರ್‌ನಲ್ಲಿ ಆ ಕಾಯ್ದೆಯ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ ನಿಯಮ ಉಳಿದಿದೆ. ಇಎಸ್‌ಐ ಇರುವ ಕಾರ್ಮಿಕರು ಮನೆಯಿಂದ ಕೆಲಸಕ್ಕೆ ಬರುವಾಗ ಅಥವಾ ವಾಪಸ್ ಹೋಗುವಾಗ ಅಪಘಾತವಾದರೆ, ಸಮಯ, ಸ್ಥಳ, ಸಂದರ್ಭ ಕೆಲಸಕ್ಕೆ ಹೊಂದಿಕೊಳ್ಳುವುದಾದರೆ ಅದನ್ನು ಕೆಲಸದ ಅಪಘಾತ ಎಂದೇ ಪರಿಗಣಿಸಬೇಕು. ಸ್ಟಾಪ್ ಮತ್ತು ಸಮಯದ ಪಟ್ಟಿ ನಿಮ್ಮ ಕಡತದಲ್ಲಿದ್ದರೆ ಆ ಕುಟುಂಬಕ್ಕೆ ಅದು ಸಾಕ್ಷಿಯಾಗುತ್ತದೆ. ಬಸ್ ಟಿಕೆಟ್ ಎಸೆಯಬೇಡಿ ಎಂದು ಎಲ್ಲರಿಗೂ ಹೇಳಿ.

ರಾತ್ರಿ ಶಿಫ್ಟಿನ ಹೆಣ್ಣುಮಕ್ಕಳು

ಇದರಲ್ಲಿ ಹೊಂದಾಣಿಕೆಯ ಮಾತೇ ಬೇಡ. ಸಂಜೆ ಏಳರ ನಂತರ, ಬೆಳಗ್ಗೆ ಆರಕ್ಕೂ ಮೊದಲು ಕಾರ್ಖಾನೆಯಲ್ಲಿ ಹೆಣ್ಣುಮಕ್ಕಳಿಗೆ ಕೆಲಸ ಕೊಡಬೇಕಾದರೆ ಅವರ ಒಪ್ಪಿಗೆ ಬೇಕು. ಮನೆಯಿಂದ ಕರೆತಂದು ಮನೆಗೆ ಬಿಡುವ ಹೊಣೆ ಕಂಪನಿಯದು. ಊರಿನ ಸ್ಟಾಪಿನಲ್ಲಿ ಇಳಿಸಿದರೆ ಸಾಲದು. ಸ್ಟಾಪಿನಿಂದ ತೋಟದ ಮನೆ ಎಷ್ಟೋ ದೂರ ಇರುತ್ತದೆ. ಈ ಶಿಫ್ಟಿಗೆ ಒಪ್ಪಂದದ ಬಸ್ ಅಥವಾ ಕಂಪನಿಯ ಗಾಡಿಯೇ ಇರಲಿ. ಕೊನೆಗೆ ಇಳಿಯುವ ಹೆಣ್ಣುಮಗಳ ಜೊತೆ ಸೆಕ್ಯುರಿಟಿಯವರು ಇರಬೇಕು. ಮನೆ ಮುಟ್ಟಿದ ಮೇಲೆ ಅವಳಿಂದ ಟೈಮ್ ಆಫೀಸಿಗೆ ಒಂದು ಮಿಸ್ಡ್ ಕಾಲ್ ಬರಬೇಕು. ನಾನು ಆ ಕರೆಗಳನ್ನು ಹಾಜರಿ ಪುಸ್ತಕದ ಪಕ್ಕದಲ್ಲೇ ಬರೆದಿಡುತ್ತಿದ್ದೆ. ಎಲ್ಲರ ಕರೆ ಬಂದ ಮೇಲೇ ನಾನು ಮನೆಗೆ ಹೊರಡುತ್ತಿದ್ದೆ.

ಬಸ್ ಶುರುವಾದ ಮೇಲೆ

ಮೊದಲ ವಾರ ನೀವೇ ಆ ಬಸ್ಸಿನಲ್ಲಿ ಓಡಾಡಿ. ಊರಿನ ಮೊದಲ ಸ್ಟಾಪಿನಿಂದ ಹತ್ತಿ. ಎಲ್ಲಿ ಐದು ನಿಮಿಷ ಸುಮ್ನೆ ಹೋಗುತ್ತದೆ, ಎಲ್ಲಿ ಜನ ಓಡಿ ಬರುತ್ತಾರೆ ಎಂದು ಬರೆದುಕೊಳ್ಳಿ. ಬಸ್ ತಡವಾದ ದಿನ ಬಂದವರಿಗೆಲ್ಲ ಹಾಜರಿಯಲ್ಲಿ ರಿಯಾಯಿತಿ ಕೊಡಿ. ಕೆಂಪು ಗೆರೆ ಬೇಡ. ಹಾಗೆ ಮಾಡದಿದ್ದರೆ ಮರುದಿನವೇ ಜನ ಕ್ರೂಸರಿಗೆ ವಾಪಸ್ ಹೋಗುತ್ತಾರೆ.

ಪ್ರತಿ ತಿಂಗಳು ಎಷ್ಟು ಮಂದಿ ಬಸ್ ಬಳಸಿದರು ಎಂಬ ಲೆಕ್ಕವನ್ನು ಡಿಪೋಗೆ ಕೊಡಿ. ರಜೆಯ ದಿನಗಳ ಪಟ್ಟಿಯನ್ನೂ ಕೊಡಿ. ಪಂಚಮಿಗೆ, ದೀಪಾವಳಿಗೆ ಕಂಪನಿ ಮುಚ್ಚಿರುತ್ತದೆ ಎಂದು ಮೊದಲೇ ಹೇಳದಿದ್ದರೆ ಬಸ್ ಖಾಲಿ ಬಂದು ಹೋಗುತ್ತದೆ, ಆ ಖಾಲಿ ಟ್ರಿಪ್ ನಿಮ್ಮ ಲೆಕ್ಕಕ್ಕೇ ಸೇರುತ್ತದೆ.

ಜಾತ್ರೆಯ ದಿನಗಳನ್ನು ಮರೆಯಬೇಡಿ. ಸವದತ್ತಿ ಯಲ್ಲಮ್ಮನ ಗುಡ್ಡದ ಹುಣ್ಣಿಮೆಗಳಿಗೆ, ಶಿವರಾತ್ರಿಯ ಹೊತ್ತಿನ ಸಿದ್ಧಾರೂಢರ ಜಾತ್ರೆಗೆ ವಿಶೇಷ ಬಸ್ ಬಿಡುತ್ತಾರೆ. ಆಗ ನಿಮ್ಮ ಟ್ರಿಪ್ಪಿನ ಬಸ್ಸೂ ಹೋಗಬಹುದು. ಒಂದು ವಾರ ಮೊದಲೇ ಡಿಪೋಗೆ ಹೋಗಿ ಕೇಳಿ. ಹೋಗುವುದಾದರೆ ಆ ಎರಡು ದಿನಕ್ಕೆ ಬೇರೆ ಗಾಡಿ ಗೊತ್ತು ಮಾಡಿ, ಹಿಂದಿನ ಸಂಜೆಯೇ ಪ್ರತಿ ಊರಿನ ಒಬ್ಬರಿಗೆ ಫೋನ್ ಮಾಡಿ ತಿಳಿಸಿ. ನಸುಕಿನ ಐದೂವರೆಗೆ ಬುತ್ತಿ ಹಿಡಿದು ಸ್ಟಾಪಿನಲ್ಲಿ ನಿಂತವರಿಗೆ ಬಸ್ ಬರುವುದಿಲ್ಲ ಎಂಬುದು ಅಲ್ಲಿ ನಿಂತ ಮೇಲೆ ಗೊತ್ತಾಗಬಾರದು.